ಹ್ಯಾಬಿಟ್ಟಿಗೆ ಎರಡು ಬೆರಳು ಬಟ್ಟೆ

ಅಂಗಡಿಯ ಕಟಿಂಗ್ ಟೇಬಲ್ ಮೇಲಿಂದ
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಆಕಳಿಸುತ್ತಿರುವ ಮಹನೀಯರೇ, ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ, ಇಂಗ್ಲಿಷ್ ಪೇಪರಿನಲ್ಲಿ ಎರಡನೇ ಸಲಕ್ಕೆ ಹೇಗೋ ದಡ ಸೇರಿ, ಆಮೇಲೆ ಕತ್ತರಿ ಹಿಡಿದ ಈ ಬಡಪಾಯಿ ದರ್ಜಿಯನ್ನು "ಹ್ಯಾಬಿಟ್ ಎಂಬ ಇಂಗ್ಲಿಷ್ ಪದದ ಲೌಕಿಕ ಮತ್ತು ಪಾರಮಾರ್ಥಿಕ ಅರ್ಥಗಳು" ಎಂಬ ಘನ ವಿಷಯದ ಮೇಲೆ ನಾಲ್ಕು ಮಾತಾಡಲು ಕರೆದಿದ್ದೀರಿ. ಕರೆದವರ ಧೈರ್ಯ ದೊಡ್ಡದು. ಇಂದಿನ ಸಭೆಯ ಅಧ್ಯಕ್ಷತೆಯನ್ನು ನಮ್ಮ ಹಳೆಯ ಹೊಲಿಗೆ ಯಂತ್ರ ವಹಿಸಿದೆ. ಮುಖ್ಯ ಅತಿಥಿ ಇಸ್ತ್ರಿಪೆಟ್ಟಿಗೆ. ಭಾಷಣ ಉದ್ದವಾದರೆ ಬಿಸಿಯಾಗುವ ಸ್ವಭಾವ ಅವರದು. ಸಭಿಕರಾಗಿ ಗೋಡೆಯ ಮೊಳೆಗಳಿಗೆ ಜೋತುಬಿದ್ದ ಅಂಗಿಗಳಿದ್ದಾರೆ. ಯಾರಿಗೂ ತಲೆಯಿಲ್ಲ, ಹಾಗಾಗಿ ನಾನು ಹೇಳಿದ್ದಕ್ಕೆ ತಲೆಯಾಡಿಸುವವರೂ ಇಲ್ಲ.

ಪ್ರೀತಿಯ ಗುಂಡೀ,

ಹೇಗಿದ್ದೀಯಾ ಮಗಳೇ? ಕೆಮ್ಮು ಪೂರ್ತಿ ಹೋಯಿತಾ? ಬೆಳಕು ಹರಿಯುವ ಮೊದಲೇ ಏಳಬೇಕಂತೆ, ತಣ್ಣೀರು ಸ್ನಾನವಂತೆ, ಅಮ್ಮ ಹೇಳಿದಳು. ಇಲ್ಲಿದ್ದಾಗ ನಿನ್ನನ್ನು ಎಬ್ಬಿಸಲು ಅಜ್ಜಿ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಬೇಕಾಗಿತ್ತು. ಅಲ್ಲಿ ಒಂದು ಗಂಟೆ ಬಾರಿಸಿದರೆ ಸಾಕು ಎದ್ದು ಕೂರುತ್ತೀಯಂತೆ. ಆ ಗಂಟೆ ಎಲ್ಲಿ ಸಿಗುತ್ತೆ ಅಂತ ಮೊದಲೇ ಗೊತ್ತಿದ್ದರೆ ನಮ್ಮ ಪಾತ್ರೆಗಳಾದರೂ ಸೊಟ್ಟಗಾಗದೆ ಉಳಿಯುತ್ತಿದ್ದವು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿ ನೋವು ಮೆಟ್ಟಿಲು ಹತ್ತುವಾಗ ಮಾತ್ರ ಬರುತ್ತದೆ, ಅಕ್ಕಪಕ್ಕದವರ ಮನೆಗೆ ಹೋಗುವಾಗ ಬರುವುದಿಲ್ಲ. ಅಜ್ಜಿಗೆ ಏನೂ ಆಗಿಲ್ಲ. ಆಗುವುದೆಲ್ಲ ಅವಳ ಸುತ್ತ ಇರುವವರಿಗೆ. ಗಿರಾಕಿಗಳ ಬೆಂಚಿನ ಮೂಲೆಯಲ್ಲಿ ಮೊದಲಿನ ಹಾಗೇ ಕೂತಿರುತ್ತಾಳೆ. ಬಂದವರ ಅಂಗಿ ನೋಡಿ "ಇದನ್ನ ನಮ್ಮವನು ಹೊಲಿದದ್ದಲ್ಲ, ಕಾಲರ್ ನೋಡಿದರೇ ಗೊತ್ತಾಗುತ್ತೆ" ಅಂತ ಮುಖದ ಮೇಲೇ ಹೇಳುತ್ತಾಳೆ. ಅದರಿಂದ ವ್ಯಾಪಾರ ಕೆಟ್ಟಿಲ್ಲ, ಬೆಳೆದಿದೆ. ಅವಳ ಬಾಯಿಗೆ ಹೆದರಿ ಜನ ಇಲ್ಲೇ ಹೊಲಿಸುತ್ತಾರೆ.

ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಸಿಸ್ಟರ್ ಆಗಲು ಕಾನ್ವೆಂಟ್ ಸೇರಿ ಎರಡು ವರ್ಷವಾಯಿತು, ಅಲ್ಲಿಂದ ಇಲ್ಲಿಯವರೆಗೆ ಬರೆದದ್ದೆಲ್ಲ ಅಮ್ಮ. ಅವಳ ಪ್ರತಿ ಕಾಗದದ ಕೊನೆಯಲ್ಲೂ "ಅಪ್ಪ ಕೇಳಿದ್ದಾರೆ" ಅಂತ ಇರುತ್ತಿತ್ತಲ್ಲ, ಅದು ಅವಳೇ ಸೇರಿಸುತ್ತಿದ್ದದ್ದು. ನಾನು ಕೇಳುತ್ತಿರಲಿಲ್ಲ. ನಿನ್ನ ಕಾಗದವನ್ನು ಅವಳು ಗಟ್ಟಿಯಾಗಿ ಓದುವಾಗ ಮೆಷಿನ್ ನಿಲ್ಲಿಸುತ್ತಿದ್ದೆ, ಅಷ್ಟೇ. ಕೇಳಿಸಬಾರದು ಅಂತ ತುಳಿಯುತ್ತಲೇ ಇರಬಹುದಾಗಿತ್ತು, ಆದರೆ ದಾರ ಕಡಿಯುತ್ತಿತ್ತು. ಬೀದಿಯವರು ಕೇಳುವುದು ಬೇರೆ ರಗಳೆ. "ಮಗಳೆಲ್ಲಿ?" ಅಂತಾರೆ. "ಕಾನ್ವೆಂಟಲ್ಲಿ" ಅಂತೀನಿ. "ಇನ್ನೂ ಕಾನ್ವೆಂಟಾ? ಯಾವ ಕ್ಲಾಸು?" ಅಂತಾರೆ. ಒಂದು ವರ್ಷ ಅವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಅದೊಂದು ಚಾಳಿ, ಬಿಟ್ಟುಹೋಗುತ್ತೆ, ವಾಪಸ್ ಬರ್ತಾಳೆ. ಎರಡನೇ ವರ್ಷ ಆ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದೆ.

ಹೋದ ತಿಂಗಳು ನಿನ್ನ ಕಾಗದ ಬಂತು. ಡಿಸೆಂಬರ್ ಏಳಕ್ಕೆ ನಿಮ್ಮ ಐದು ಜನ ಹುಡುಗಿಯರಿಗೆ ಹ್ಯಾಬಿಟ್ ಕೊಡುತ್ತಾರೆ, ಅವತ್ತಿನಿಂದ ಅದೇ ಉಡುಪು ಅಂತ ಬರೆದಿದ್ದೆ. ಕೊನೆಯ ಸಾಲು ಮಾತ್ರ ನನಗೆ: "ಅಪ್ಪಾ, ನೀನು ಬರ್ತೀಯಾ ಇಲ್ವಾ, ಅಷ್ಟು ಹೇಳು." ಅಮ್ಮ ಆ ಸಾಲನ್ನು ಎರಡು ಸಲ ಓದಿದಳು. ನಾನು "ಹ್ಯಾಬಿಟ್ ಕೊಡ್ತಾರೆ ಅಂದರೇನು, ಹ್ಯಾಬಿಟ್ಟನ್ನ ಯಾರಾದರೂ ಕೊಡ್ತಾರಾ" ಅಂತ ಮಾತು ಬೇರೆ ಕಡೆ ತಿರುಗಿಸಿದೆ. ಇಂಗ್ಲಿಷ್ ಕೆಲವು ಸಲ ಇಂಥದಕ್ಕೆ ಉಪಯೋಗವಾಗುತ್ತದೆ.

ಆದರೆ ಸಂಶಯ ನಿಜವಾದದ್ದೇ. ಮಾನ್ಯ ಸಭಿಕರಿಗೆ ತಿಳಿದಿರುವಂತೆ, ನಮ್ಮ ಕಾಲದ ಶಾಲೆಯಲ್ಲಿ ಹ್ಯಾಬಿಟ್ಟುಗಳು ಎರಡೇ: ಗುಡ್ ಮತ್ತು ಬ್ಯಾಡ್. ಗುಡ್ ಹ್ಯಾಬಿಟ್ಸ್ ಗೋಡೆಯ ಚಾರ್ಟಿನಲ್ಲಿರುತ್ತಿದ್ದವು. ಒಬ್ಬ ಹುಡುಗ ಹಲ್ಲುಜ್ಜುತ್ತಿರುತ್ತಿದ್ದ, ಒಬ್ಬಳು ಉಗುರು ಕತ್ತರಿಸುತ್ತಿರುತ್ತಿದ್ದಳು, ಇಬ್ಬರೂ ಅದರಿಂದ ಬಹಳ ಸಂತೋಷಗೊಂಡಂತೆ ಕಾಣುತ್ತಿದ್ದರು. ಬ್ಯಾಡ್ ಹ್ಯಾಬಿಟ್ಸ್ ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿರುತ್ತಿದ್ದವು, ಅವುಗಳಿಗೆ ಚಾರ್ಟ್ ಬೇಕಾಗಿರಲಿಲ್ಲ. ಮೂರನೆಯದೊಂದು ಇದೆ ಅಂತ ಯಾವ ಮೇಷ್ಟರೂ ಹೇಳಲಿಲ್ಲ. ಅಟ್ಟದಿಂದ ನನ್ನ ಕಾಲೇಜಿನ ನಿಘಂಟು ಇಳಿಸಿ ಧೂಳು ಕೊಡವಿ ನೋಡಿದೆ. ಮೊದಲ ಸಾಲು: ರೂಢಿ, ಅಭ್ಯಾಸ, ಚಾಳಿ. ಸರಿ, ಗೊತ್ತಿದ್ದದ್ದೇ. ಕೆಳಗೆ ಇಳಿದರೆ: ಸನ್ಯಾಸಿ, ಸನ್ಯಾಸಿನಿಯರು ತೊಡುವ ನಿಲುವಂಗಿ. ನಲವತ್ತಾರು ವರ್ಷ ಬಟ್ಟೆಯ ನಡುವೆ ಬದುಕಿದವನಿಗೆ ಒಂದು ಬಟ್ಟೆಯ ಹೆಸರು ಗೊತ್ತಿರಲಿಲ್ಲ ನೋಡು. ನಿಘಂಟು ಮುಚ್ಚುವಾಗ ತಾನಾಗಿ ಬಂದ ಪ್ರಾಸ ಇದು, ನಿನಗೆ ಅರ್ಪಣೆ: ಮಗಳಿಗೆ ಹ್ಯಾಬಿಟ್ಟು, ಅಪ್ಪನಿಗೆ ಸಿಟ್ಟು, ನಡುವೆ ಅಮ್ಮನಿಗೆ ಇಕ್ಕಟ್ಟು. "ಪ್ರಾಸಕ್ಕೆ ತ್ರಾಸ ಕೊಡಬೇಡ ಅಪ್ಪಾ" ಅಂತ ನೀನು ಹೇಳುತ್ತಿದ್ದದ್ದು ನೆನಪಾಯಿತು. ದಿನಾ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ನೀನು ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಗ್ಲಿಷ್ ಪದ ಬರೆಯುತ್ತಿದ್ದೆ, ಸಂಜೆಯೊಳಗೆ ನಾನು ಅದಕ್ಕೆ ಕನ್ನಡದಲ್ಲಿ ಪ್ರಾಸ ಹುಡುಕಬೇಕು. ನೀನು ಹೋದ ಮೇಲೆ ಟೇಬಲ್ ಚೊಕ್ಕಟವಾಗಿದೆ. ಅಳತೆಯ ಗೆರೆ ಬಿಟ್ಟರೆ ಬೇರೇನೂ ಇಲ್ಲ.

ಮುಂದಿನ ಸುದ್ದಿಗೆ ಸಭಿಕರು ಸ್ವಲ್ಪ ನೆಟ್ಟಗೆ ಕೂರಬೇಕು. ನಿನ್ನ ಕಾಗದ ಬಂದ ವಾರದಲ್ಲೇ ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತಿತು. ಇಲ್ಲಿನ ವೃದ್ಧಾಶ್ರಮ ನೋಡಿಕೊಳ್ಳುವ ನಿಮ್ಮ ದೊಡ್ಡ ಸಿಸ್ಟರ್. ಸ್ಕೂಟರಿನ ಹಿಂದೆ ಹಗ್ಗದಲ್ಲಿ ಕಟ್ಟಿದ ಬಟ್ಟೆಯ ಥಾನು. ನಿಮ್ಮ ಉಡುಪುಗಳನ್ನು ಹೊಲಿಯುವ ಸಿಸ್ಟರಿಗೆ ಕಣ್ಣಿನ ಆಪರೇಷನ್ ಆಗಿದೆಯಂತೆ, ಐದು ನಿಲುವಂಗಿ ಆಗಬೇಕು ಅಂದರು. ಸುತ್ತುಬಳಸಿ ಮಾತಾಡುವವರಲ್ಲ ಅವರು: "ಐದರಲ್ಲಿ ಒಂದು ನಿಮ್ಮ ಮಗಳದು. ಮನಸ್ಸಿಲ್ಲದಿದ್ದರೆ ಹೇಳಿ, ಬೇರೆ ಕಡೆ ಕೊಡ್ತೀನಿ, ಬೇಜಾರಿಲ್ಲ." ನಾನು ಬಹಳ ಗಂಭೀರವಾಗಿ, ನಮ್ಮ ಅಂಗಡಿಯಲ್ಲಿ ಬಟ್ಟೆಗೆ ಸಂಬಂಧಗಳಿಲ್ಲ, ಅಳತೆ ಮಾತ್ರ ಇರುವುದು ಅಂತ ಹೇಳಿದೆ. ಮೂಲೆಯಿಂದ ಅಜ್ಜಿ "ಅಬ್ಬಾ, ಏನು ಮಾತು, ಬರೆದಿಟ್ಟುಕೋ" ಅಂದಳು. ಸಿಸ್ಟರ್ ಐದು ಅಳತೆ ಚೀಟಿ ಕೊಟ್ಟರು. ನಾಲ್ಕು ಇಟ್ಟುಕೊಂಡು ಒಂದು ವಾಪಸ್ ಕೊಟ್ಟೆ. ನನ್ನ ಮಗಳ ಅಳತೆ ನನಗೆ ಚೀಟಿಯಲ್ಲಿ ಬೇಡ.

ಕೊಟ್ಟಾಗ ಚೆನ್ನಾಗಿತ್ತು. ಕತ್ತರಿ ಕೈಗೆ ಬಂದ ಮೇಲೆ ಅಳುಕು ಶುರುವಾಯಿತು. ಎರಡು ವರ್ಷದಲ್ಲಿ ಬಡಕಲಾಗಿದ್ದೀಯೋ, ಗುಂಡಗಾಗಿದ್ದೀಯೋ, ಯಾರಿಗೆ ಗೊತ್ತು? ಅಮ್ಮ ಬಂದು ನೋಡಿಹೋದಾಗ "ಹೇಗಿದ್ದಾಳೆ" ಅಂತ ನಾನು ಕೇಳಿರಲಿಲ್ಲವಲ್ಲ. ಈಗ ಕೇಳಿದರೆ ಮರ್ಯಾದೆ ಪ್ರಶ್ನೆ. ನೆನಪಿನಿಂದಲೇ ಕತ್ತರಿಸಿದೆ. ಎಡಭುಜ ಒಂದು ಕೂದಲೆಳೆಯಷ್ಟು ತಗ್ಗು, ಬಟ್ಟೆಯ ಗಂಟು ಹೊತ್ತು ಹೊತ್ತು ಆದದ್ದು. ಅಲ್ಲಿ ಒಳಗಿನಿಂದ ತೆಳ್ಳಗೆ ಒಂದು ಪಟ್ಟಿ ಇಟ್ಟೆ. ತೋಳು ಮುಂಗೈಗಿಂತ ಸ್ವಲ್ಪ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಮಡಚಿ ಮಡಚಿ ಹಾಳು ಮಾಡುತ್ತೀಯ. ಮತ್ತು ನಿನಗೆ ಗೊತ್ತಲ್ಲ, ತಾತನ ಕಾಲದಿಂದ ನಮ್ಮ ಅಂಗಡಿಯದೊಂದು ಪದ್ಧತಿ. ಯಾವ ಬಟ್ಟೆಗಾದರೂ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು. ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಲಿಕ್ಕೆ. ಮನಸ್ಸು ಒಂದು ಕಡೆ ನಿಲ್ಲದ ಗಿರಾಕಿಗೆ ಮಾತ್ರ ನಾಲ್ಕು ಬೆರಳು: ಇವತ್ತು ಹೊಲಿಸಿ, ನಾಳೆ ಕನ್ನಡಿ ನೋಡಿ, ನಾಡಿದ್ದು "ಇದನ್ನೇ ಬಿಚ್ಚಿ ಬೇರೆ ಏನಾದರೂ ಮಾಡಿಕೊಡಿ" ಅನ್ನುವವರ ಪೈಕಿ. ಅಂಥವರು ಅಳತೆ ಕೊಟ್ಟು ಹೊಸಿಲು ದಾಟಿದ ಕೂಡಲೇ ತಾತ ನನ್ನ ಕಡೆ ತಿರುಗಿ ಸುಮ್ಮನೆ ನಾಲ್ಕು ಬೆರಳು ಎತ್ತುತ್ತಿದ್ದರು. ಟೇಬಲ್ ಕೆಳಗೆ ಕೂತು ಗುಂಡಿ ಆಡುತ್ತಿದ್ದ ನೀನು ಕಿಸಕ್ಕನೆ ನಗುತ್ತಿದ್ದೆ. ಪದ್ಧತಿ ಪ್ರಕಾರ ಐದು ಅಂಗಿಗೂ ಒಳಗೆ ಬಟ್ಟೆ ಬಿಟ್ಟೆ. ಮುಂದಿನದು ಕೇಳು.

ಉದ್ದ ಸರಿಯಾಗಿದೆಯಾ ಅಂತ ನೋಡಬೇಕಿತ್ತು. ಅಂಗಡಿಯ ಬೊಂಬೆ ಗಿಡ್ಡ. ಅಮ್ಮ ಅದಕ್ಕಿಂತ ಗಿಡ್ಡ, ಇದನ್ನು ಅವಳ ಮುಂದೆ ಹೇಳುವುದಿಲ್ಲ. ನಿನ್ನ ಎತ್ತರ ನನ್ನದು, ಮೂಗು ನನ್ನದು, ಹಟ ಯಾರದು ಅಂತ ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ. ಹಾಗಾಗಿ ಹೋದ ಮಂಗಳವಾರ ಬೆಳಗ್ಗೆ, ಗಿರಾಕಿಗಳು ಬರುವ ಮೊದಲು, ನಿನ್ನ ನಿಲುವಂಗಿಯನ್ನು ನಾನೇ ತೊಟ್ಟು ಸ್ಟೂಲಿನ ಮೇಲೆ ನಿಂತೆ. ಅಮ್ಮ ಕೆಳಗೆ ಕೂತು, ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು, ಅಂಚು ಮಡಿಸುತ್ತಿದ್ದಳು. ಆ ಪಿನ್ನುಗಳೇ ನಮ್ಮ ಸಂಸಾರದ ಶಾಂತಿಗೆ ಕಾರಣ ಅಂತ ನಾನು ಮೊದಲಿನಿಂದಲೂ ಹೇಳುತ್ತೇನೆ. ಕನ್ನಡಿಯಲ್ಲಿ ನೋಡಿಕೊಂಡೆ. ನಿಲುವಂಗಿಯೊಳಗೆ ಆ ಭಂಗಿ: ಹೊಟ್ಟೆ ಮುಂದೆ, ಮೀಸೆ ಅದಕ್ಕೂ ಮುಂದೆ. ಅಜ್ಜಿ ನಕ್ಕು ನಕ್ಕು ಬೆಂಚಿನ ಅಂಚಿಗೆ ಬಂದಿದ್ದಳು. ಹಿಂದಕ್ಕೆ ತಿರುಗಿ ಬೆನ್ನಿನ ಕಡೆ ಬಟ್ಟೆ ಹೇಗೆ ಇಳಿಯುತ್ತಿದೆ ಅಂತ ಕತ್ತು ಹೊರಳಿಸಿ ನೋಡುವಾಗ, ಬಾಗಿಲಲ್ಲಿ ದೊಡ್ಡ ಸಿಸ್ಟರ್. ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದವರು ಅಲ್ಲೇ ನಿಂತುಬಿಟ್ಟರು.

ಅಮ್ಮನ ಬಾಯಲ್ಲಿ ಪಿನ್ನು. ನಾನು ಸ್ಟೂಲಿನ ಮೇಲೆ. ಅಜ್ಜಿಯೇ ಶುರು ಮಾಡಿದಳು: "ಬನ್ನಿ, ಕೂತ್ಕೊಳ್ಳಿ, ನಿಮ್ಮ ಕಡೆಗೆ ಹೊಸಬರು ಒಬ್ಬರು ಸೇರಿದ್ದಾರೆ." ದೊಡ್ಡ ಸಿಸ್ಟರ್ ಮೇಲಿಂದ ಕೆಳಗೆ ಒಂದು ಸಲ ನೋಡಿದರು, ಕೆಳಗಿಂದ ಮೇಲೆ ಒಂದು ಸಲ ನೋಡಿದರು, ಮುಖ ಒಂದಿಷ್ಟೂ ಸಡಿಲಿಸದೆ ಹೇಳಿದರು: "ಸೇರಿಸಿಕೊಳ್ಳಬಹುದು. ಮೀಸೆ ಮಾತ್ರ ತೆಗೀಬೇಕಾಗುತ್ತೆ." ಅಷ್ಟೇ. ಅಮ್ಮ ಪಿನ್ನೆಲ್ಲ ಉಗುಳಿ ನೆಲದ ಮೇಲೆ ಕೂತು ನಕ್ಕಳು. ನೀನು ಹೋದ ಮೇಲೆ ಈ ಅಂಗಡಿಯಲ್ಲಿ ಅವಳು ಅಷ್ಟು ನಕ್ಕದ್ದು ನಾನು ನೋಡಿರಲಿಲ್ಲ. ನಾನೂ ನಕ್ಕೆ. ನಿಲುವಂಗಿ ತೊಟ್ಟು ನಗುವುದು ಕಷ್ಟ ಗುಂಡೀ, ಬಟ್ಟೆಯೆಲ್ಲ ಅಲುಗುತ್ತದೆ. ನೀನು ಅಭ್ಯಾಸ ಮಾಡಿಕೊಳ್ಳಬೇಕು.

ಇಳಿದು ಬಿಚ್ಚಿ ಕೊಟ್ಟೆ. ಅವರು ಕನ್ನಡಕ ಏರಿಸಿ, ಅಂಗಿಯನ್ನು ಒಳಮಗ್ಗುಲು ಮಾಡಿ ಪರೀಕ್ಷೆಗೆ ಕೂತರು. ಎಡಭುಜದ ಪಟ್ಟಿ ನೋಡಿ, ನಾವು ಎಲ್ಲರಿಗೂ ಒಂದೇ ಥರ ಹೊಲಿಸುವುದು, ಭೇದ ಇಲ್ಲ ಅಂದರು. ಹೊರಗಿನಿಂದ ಎಲ್ಲವೂ ಒಂದೇ ಥರ ಇದೆ, ಒಳಗಿನದು ದರ್ಜಿಗೂ ತೊಡುವವರಿಗೂ ಸೇರಿದ್ದು ಅಂದೆ. ಅವರು "ನಮ್ಮಲ್ಲೂ ಹಾಗೇ ಹೇಳ್ತಾರೆ, ಬೇರೆ ಮಾತಲ್ಲಿ" ಅಂದರು. ಆಮೇಲೆ ಪಕ್ಕದ ಹೊಲಿಗೆ ಹಿಡಿದು, ಒಳಗಿನ ಬಟ್ಟೆಯ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಇದ್ದಕ್ಕಿದ್ದ ಹಾಗೆ ತಮ್ಮ ಅಪ್ಪನ ವಿಷಯ ತೆಗೆದರು. ಅವರು ಸಿಸ್ಟರ್ ಆಗಲು ಹೋದಾಗ ಅಪ್ಪ ಅವರ ಕೋಣೆಗೆ ಬೀಗ ಹಾಕಿ ಹಾಗೇ ಇಟ್ಟಿದ್ದರಂತೆ. ಹಾಸಿಗೆ ಹಾಗೇ, ಮೊಳೆಯ ಮೇಲೆ ದುಪಟ್ಟಾ ಹಾಗೇ. "ಅದನ್ನ ಕೇಳಿದಾಗಲೆಲ್ಲ ನನಗೆ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇದ್ದ ಹಾಗೆ ಆಗೋದು. ಒಂದು ದಿನ ಕಾಗದ ಬಂತು: ಕೋಣೆ ಬಾಡಿಗೆಗೆ ಕೊಟ್ಟೆ, ಒಳ್ಳೇ ಜನ, ಮುಂದಿನ ವಾರ ನಿನ್ನನ್ನ ನೋಡೋಕೆ ಬರ್ತೀನಿ ಅಂತ. ಕಾಗದ ಹಿಡ್ಕೊಂಡು ಕುಣಿದೆ." ಹೀಗೆ ಹೇಳಿ, ಅಂಗಿಯನ್ನು ಮತ್ತೆ ಸರಿಮಗ್ಗುಲು ಮಾಡಿ, ಮಡಿಸಿ ನನ್ನ ಕೈಗೆ ಕೊಟ್ಟು, ಸ್ಕೂಟರ್ ಏರಿ ಹೋದರು. ಅದನ್ನು ನನ್ನ ಮುಂದೆ ಯಾಕೆ ಹೇಳಿದರೋ. ದೊಡ್ಡವರ ಮನಸ್ಸು ದರ್ಜಿಗೆ ಹೇಗೆ ತಿಳಿಯಬೇಕು.

ಅವರು ಹೋದ ಮೇಲೆ ಟೇಬಲ್ ಮುಂದೆ ಕೂತು ಯೋಚಿಸಿದೆ. ನಿಘಂಟಿನವನು ಒಂದೇ ಪದದ ಕೆಳಗೆ ಚಾಳಿಯನ್ನೂ ಸನ್ಯಾಸಿನಿಯ ಅಂಗಿಯನ್ನೂ ಒಟ್ಟಿಗೆ ಕೂರಿಸಿದ್ದು ಜಾಗ ಸಾಲದೆ ಅಂದುಕೊಂಡಿದ್ದೆ. ಈಗ ಅನುಮಾನ ಬಂದಿದೆ. ನಿನಗೆ ನೆನಪಿದೆಯಾ, ನೀನು ಮೊದಲ ಸಲ ಆ ವೃದ್ಧಾಶ್ರಮಕ್ಕೆ ಹೋದದ್ದು ಪರದೆ ಬಟ್ಟೆ ಕೊಟ್ಟು ಬರಲು, ನಾನೇ ಕಳಿಸಿದ್ದು. ಅಲ್ಲಿ ಒಬ್ಬಾಕೆ ನಡುಗುವ ಬೆರಳಲ್ಲಿ ತನ್ನ ಅಂಗಿಯ ಸಣ್ಣ ಗುಂಡಿ ಹಾಕಿಕೊಳ್ಳಲು ಬೆಳಗ್ಗೆಯಿಂದ ಒದ್ದಾಡುತ್ತಿದ್ದರು ಅಂತ ಬಂದು ಹೇಳಿದೆ. ಮುಂದಿನ ಗುರುವಾರ ನೀನು ನಮ್ಮ ಡಬ್ಬಿಯಿಂದ ಕೋಟಿನ ದೊಡ್ಡ ಗುಂಡಿಗಳನ್ನು ಬಾಚಿಕೊಂಡು ಹೋಗಿ ಆಕೆಯದನ್ನು ಬದಲಾಯಿಸಿದೆ. ಅದರ ಮುಂದಿನ ಗುರುವಾರ ಪಕ್ಕದ ಮಂಚದವರದು. ಆಮೇಲೆ ಗುರುವಾರ ಅಂದರೆ ಗುಂಡಿ ಅಂಗಡಿಯಲ್ಲಿಲ್ಲ, ನಮ್ಮ ಡಬ್ಬಿಯಲ್ಲೂ ಗುಂಡಿಯಿಲ್ಲ ಅಂತ ನಾನು ಬೀದಿಗೆಲ್ಲ ಹೇಳಿಕೊಂಡು ನಕ್ಕೆ. ಮೂರು ವರ್ಷದ ಮಗುವಾಗಿದ್ದಾಗ ಗುಂಡಿ ನುಂಗಿ ಹೆಸರು ಪಡೆದವಳು, ದೊಡ್ಡವಳಾಗಿ ಹೀಗೆ ಬಡ್ಡಿ ಸೇರಿಸಿ ವಾಪಸ್ ಕೊಡುತ್ತಿದ್ದಾಳೆ ಅಂದುಕೊಂಡೆ. ಆದರೆ ನೋಡು, ನಮ್ಮ ಕಸುಬಿನಲ್ಲಿ ಮೊದಲು ಅಂಗಿ ಆಗುತ್ತದೆ, ಆಮೇಲೆ ಅದನ್ನು ತೊಟ್ಟವರು ಮದುಮಗನೋ, ಪೊಲೀಸೋ, ಲಾಯರೋ ಆಗುತ್ತಾರೆ. ನಿನ್ನದು ತಿರುವುಮುರುವು. ಗುರುವಾರ ಗುರುವಾರ ನೀನು ಅದೇ ಆಗಿಬಿಟ್ಟಿದ್ದೆ, ಅಂಗಿ ಮಾತ್ರ ಬಾಕಿ ಇತ್ತು. ನಾನು ಚಾಳಿ ಅಂತ ಬೀದಿಗೆಲ್ಲ ಹೇಳಿದ್ದು ಸರಿಯಾಗೇ ಇತ್ತು. ಬಿಟ್ಟುಹೋಗುತ್ತೆ ಅಂದದ್ದು ತಪ್ಪು.

ಇಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು. ಇಸ್ತ್ರಿಪೆಟ್ಟಿಗೆ ಬಿಸಿಯಾಗಿದೆ, ದಾರ ಪೋಣಿಸುವ ವಿಷಯದಲ್ಲಿ ಅಧ್ಯಕ್ಷರ ಸೂಜಿಗೂ ನನಗೂ ಇನ್ನೂ ರಾಜಿಯಾಗಿಲ್ಲ, ಅಂಗಿಗಳು ಎದ್ದು ಹೋಗುವಂತಿಲ್ಲ. ಐದೂ ನಿಲುವಂಗಿ ಸಿದ್ಧವಾಗಿವೆ, ನಾಳೆ ದೊಡ್ಡ ಸಿಸ್ಟರ್ ಬಂದು ಒಯ್ಯುತ್ತಾರೆ. ಅವುಗಳಲ್ಲಿ ನಿನ್ನದು ಯಾವುದು ಅಂತ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಡಭುಜ ಮುಟ್ಟಿ ನೋಡಿಕೋ. ದಾರವನ್ನು ಹಲ್ಲಲ್ಲಿ ಕಡಿಯುವ ನಿನ್ನ ಹ್ಯಾಬಿಟ್ಟನ್ನು ಈ ಹ್ಯಾಬಿಟ್ ತೊಟ್ಟು ಮಾಡಬೇಡ, ನೋಡಿದವರು ಮನೆಯವರನ್ನು ಬೈಯುತ್ತಾರೆ. ಅಜ್ಜಿ ತಲೆ ಸವರಿದ್ದಾಳೆ ಅಂತ ತಿಳಿದುಕೋ. ಅಮ್ಮನದು ಮುತ್ತು, ಬಾಯಲ್ಲಿ ಪಿನ್ನು ಇಲ್ಲದಾಗ ಕೊಟ್ಟದ್ದು. ನಿನ್ನ ಜೊತೆಯ ನಾಲ್ಕೂ ಹುಡುಗಿಯರಿಗೆ ದರ್ಜಿಯ ಶುಭಾಶಯ; ಅವರ ಅಂಗಿ ಎಲ್ಲಾದರೂ ಬಿಗಿಯಾದರೆ ಸಂಕೋಚ ಬೇಡ, ಬಿಚ್ಚಿ ಸರಿಮಾಡಿ ಕೊಡುತ್ತೇನೆ. ನಿನ್ನ ಕೈ ಚೆನ್ನಾಗಿರಲಿ, ಕಣ್ಣು ಚೆನ್ನಾಗಿರಲಿ, ಗುರುವಾರಗಳು ಚೆನ್ನಾಗಿರಲಿ.

ಇಂತಿ ನಿನ್ನ,
ಪ್ರಾಸದಪ್ಪ

ಮರೆತೆ, ಅಂಚೆ ಡಬ್ಬಿಗೆ ಹಾಕಲು ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಸಭೆಯೂ ಇಲ್ಲ, ಸಭಿಕರೂ ಇಲ್ಲ, ಭಾಷಣ ಯಾರಿಗೆ ಬೇಕಿತ್ತು. ದೊಡ್ಡ ಸಿಸ್ಟರ್ ಒಳಹೊಲಿಗೆಗೆ ಬೆರಳಿಟ್ಟು ನೋಡಿದರು ಅಂದೆನಲ್ಲ, ಅಲ್ಲಿದ್ದದ್ದು ಎರಡು ಬೆರಳಲ್ಲ ಗುಂಡೀ, ನಾಲ್ಕು. ಬೇರೆ ಹುಡುಗಿಯರದಕ್ಕೆ ಎರಡು, ನಿನ್ನದಕ್ಕೆ ಮಾತ್ರ ನಾಲ್ಕು. ಬಿಚ್ಚಿದರೆ ನಿನಗೆ ಒಳ್ಳೆಯದೊಂದು ಉದ್ದ ಲಂಗ ಆಗುತ್ತಿತ್ತು. ಮಂಗಳವಾರವೇ ಬಿಚ್ಚಿದೆ, ಹೆಚ್ಚಿನದನ್ನು ಕತ್ತರಿಸಿದೆ, ಗಟ್ಟಿ ಹೊಲಿಗೆ ಹಾಕಿದೆ. ಕತ್ತರಿಸಿದ ಪಟ್ಟಿಯಲ್ಲಿ ಅಜ್ಜಿ ಕನ್ನಡಕದ ಚೀಲ ಹೊಲಿಸಿಕೊಂಡು ಬೀದಿಗೆಲ್ಲ ತೋರಿಸಿದ್ದಾಳೆ. ಏಳನೇ ತಾರೀಕು ಮೂರೂ ಜನ ಬರ್ತೀವಿ, ಮುಂದಿನ ಸಾಲಿನಲ್ಲಿ ಜಾಗ ಹಿಡಿದಿರು, ಅಜ್ಜಿಗೆ ಕಂಬ ಅಡ್ಡ ಬರಬಾರದು. ಈಗ ಒಳಗೆ ಇರುವುದು ಎರಡೇ ಬೆರಳು. ಹೊಟ್ಟೆ ತುಂಬ ಊಟ ಮಾಡು, ಅದಕ್ಕೇ ಬಿಟ್ಟಿರುವುದು.